ಪರದೆಯ ಮೂಲೆಯಲ್ಲಿ ನಿಲ್ಲಬೇಕಿದ್ದ ಎಚ್ಚರಿಕೆ

ರಾಯಚೂರಿನ ತೀನ್ ಕಂದಿಲ್ ಸರ್ಕಲ್ಲಿನಿಂದ ದವಸದ ಮಾರುಕಟ್ಟೆಯಾದ ಗಂಜಿನ ಕಡೆ ಹೋಗುವ ದಾರಿಯಲ್ಲಿ ಆಗ ಒಂದು ಗೊಬ್ಬರದ ಅಂಗಡಿ ಇತ್ತು. ಅದರ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್. ಮೆಟ್ಟಿಲು ಹತ್ತುವಾಗ ಯೂರಿಯಾ ಚೀಲದ ವಾಸನೆ, ಬಾಗಿಲು ತೆಗೆದರೆ ಎ.ಸಿ.ಯ ತಂಪು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಏಪ್ರಿಲ್ ತಿಂಗಳಲ್ಲಿ ಊರೆಲ್ಲ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಓಡಾಡುವಾಗ ಆ ಕೋಣೆಯ ಯಂತ್ರಗಳು ಮಾತ್ರ ತಂಪಾಗಿ ಕೂತಿರುತ್ತಿದ್ದವು. ಹತ್ತಿರದ ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ತಯಾರಾಗುತ್ತಿತ್ತು, ನಮ್ಮ ಊರಿನಲ್ಲಿ ಮಧ್ಯಾಹ್ನವಾದರೆ ಹೋಗುತ್ತಿತ್ತು. ಹೋದ ಕೂಡಲೆ ನಾವು ಬರೆದು ಉಳಿಸದೆ ಇದ್ದದ್ದೆಲ್ಲ ಅಳಿಸಿಹೋಗುತ್ತಿತ್ತು.

ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಎಪ್ಪತ್ತರ ದಶಕವೆಲ್ಲ ದೇವದುರ್ಗದಲ್ಲಿ ಕಳೆದು, ಆಮೇಲೆ ಮಾನ್ವಿಗೆ ವರ್ಗವಾಗಿದ್ದರು. ಲೆಕ್ಕದಲ್ಲಿ ನಾನು ಜಾಣೆ ಎಂದು ಅವರಿಗೆ ಹೆಮ್ಮೆಯಿತ್ತು. ಆ ಹೆಮ್ಮೆ ನೆಂಟರ ಎದುರು ಮಗ್ಗಿ ಹೇಳಿಸುವಷ್ಟಕ್ಕೆ ಸರಿ. ನಾನು ರಾಯಚೂರಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಮುಗಿಸಿದಾಗ ಆ ಹೆಮ್ಮೆಯ ಅವಧಿಯೂ ಮುಗಿಯಿತು. ವರ ನೋಡುವುದು ಶುರುವಾಯಿತು. ವರ ಸಿಗುವವರೆಗೆ ಎಂಬ ಕರಾರಿನ ಮೇಲೆ ಕಂಪ್ಯೂಟರ್ ಕಲಿಯಲು ಕಳಿಸಿದರು.

ಸೆಂಟರಿನ ಮಾಲೀಕರು ಸಿರವಾರದ ರೈಸ್‌ಮಿಲ್ ಮನೆತನದವರು. ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಅವರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಯಾವುದು ಮಾರಾಟವಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಮೊದಲ ಬ್ಯಾಚಿನಲ್ಲಿ ಚೆನ್ನಾಗಿ ಕಲಿತ ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರು. ಒಬ್ಬಳು ನಾನು. ಇನ್ನೊಬ್ಬಳ ಕಥೆಯೇ ಇಲ್ಲಿ ಹೇಳಬೇಕಾದದ್ದು.

ಅವಳ ಅಬ್ಬಾ ತಗಡಿನ ಟ್ರಂಕು ಮಾಡುವವರು. ಅಂಗಡಿಯ ಹಿಂದೆಯೇ ಮನೆ. ಸುತ್ತಿಗೆಯ ಸದ್ದಿನಲ್ಲಿ ಓದಿ ಬೆಳೆದವಳಾದ್ದರಿಂದ ಯಾವ ಗದ್ದಲವೂ ಅವಳನ್ನು ಅಲುಗಿಸುತ್ತಿರಲಿಲ್ಲ. ಬುರ್ಖಾ ಬಾಗಿಲ ಮೊಳೆಗೆ ತೂಗುಹಾಕಿ ಕುರ್ಚಿಗೆ ಕೂತಳೆಂದರೆ ಕರೆಂಟ್ ಹೋಗುವವರೆಗೆ ಏಳುವುದಿಲ್ಲ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ನಮ್ಮಂತೆಯೇ ಕನ್ನಡ. ಸಿಟ್ಟು ಬಂದಾಗ ಎರಡೂ ಬೆರೆಯುತ್ತಿದ್ದವು. ನನಗಿಂತ ಅವಳ ತಲೆ ಚುರುಕು. ಇದನ್ನು ನಾನು ಸೌಜನ್ಯಕ್ಕೆ ಹೇಳುತ್ತಿಲ್ಲ.

ಒಂದು ದಿನ ಹೈದರಾಬಾದಿನಿಂದ ಫ್ಲಾಪಿಗಳಲ್ಲಿ, ಪ್ರೋಗ್ರಾಮ್ ಬರೆಯುವ ಸಿ ಎಂಬ ಭಾಷೆಯ ಹೊಸ ಬಗೆಯೊಂದು ಬಂತು. ಜೊತೆಗೆ ಒಂದು ದಪ್ಪ ಜೆರಾಕ್ಸ್ ಪುಸ್ತಕ, ನಡುವೆ ಕೆಲವು ಹಾಳೆಗಳೇ ಇಲ್ಲ. ಆ ಭಾಷೆಯಲ್ಲಿ ಪರದೆಯ ಮೇಲೆ ಚೌಕಟ್ಟು ಹಾಕಿ ತೆರೆಯುವ ಪ್ರತಿಯೊಂದು ವಿಂಡೋವಿಗೂ ಆಬ್ಜೆಕ್ಟ್ ಎಂದು ಹೆಸರು. ನಾವಿಬ್ಬರೂ ಅದನ್ನು ಓದಿ, ಮಾಡಿ ನೋಡಿ, ಕೆಡಿಸಿ ಕಲಿತೆವು. ಕಲಿಸುವವರು ಯಾರೂ ಇರಲಿಲ್ಲ.

ನಮ್ಮನ್ನು ಮೊದಲು ಸತಾಯಿಸಿದ ತೊಂದರೆ ಇದು. ವಿಂಡೋ ತೆರೆಯಲು ಹೇಳಿದರೆ ಅದು ಮಿಂಚಿನಂತೆ ಬಂದು ಮಾಯವಾಗುತ್ತಿತ್ತು. ಬರೆದದ್ದರಲ್ಲಿ ತಪ್ಪಿಲ್ಲ, ಯಂತ್ರ ಏನೂ ದೂರು ಹೇಳುವುದಿಲ್ಲ, ಆದರೆ ಪರದೆ ಖಾಲಿ. ನಾನು ಪುಸ್ತಕ ತಿರುವುತ್ತಿದ್ದೆ. ಅವಳು ಪರದೆಗೆ ಮೂಗು ತಾಗಿಸಿಕೊಂಡು ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದಳು.

"ಬರಾಕತ್ತದ ಬೇ," ಎಂದಳು. "ಬರೋದಿಲ್ಲ ಅಂತಲ್ಲ. ಬಂದು ಹೊಂಟದ. ಯಾರೋ ಹಿಂದಿನಿಂದ ಒರಸಾಕತ್ತಾರ."

ಒರೆಸುತ್ತಿದ್ದದ್ದು ಆ ವಿಂಡೋವೇ. ಆ ಭಾಷೆಯಲ್ಲಿ ಆಬ್ಜೆಕ್ಟಿಗೆ ಒಂದು ಆಯುಷ್ಯ ಇರುತ್ತದೆ. ಹುಟ್ಟಿದಾಗ ಮೆಮೊರಿಯಲ್ಲಿ ಜಾಗ ಹಿಡಿಯುತ್ತದೆ. ಸಾಯುವಾಗ ತಾನು ಪರದೆಯ ಮೇಲೆ ಬರೆದದ್ದನ್ನು ತಾನೇ ಅಳಿಸಿ, ಕೆಳಗೆ ಮೊದಲಿದ್ದದ್ದನ್ನು ಮತ್ತೆ ತೋರಿಸಿ ಹೋಗುತ್ತದೆ. ನಾವು ವಿಂಡೋವನ್ನು ಒಂದು ಸಣ್ಣ ಫಂಕ್ಷನ್ನಿನೊಳಗೆ, ಅಂದರೆ ಒಂದೇ ಕೆಲಸಕ್ಕೆಂದು ಬರೆದ ಸಾಲುಗಳ ಗುಂಪಿನೊಳಗೆ, ಹುಟ್ಟಿಸಿದ್ದೆವು. ಆ ಫಂಕ್ಷನ್ನಿನ ಕೆಲಸ ಮುಗಿದ ಕೂಡಲೆ ಅದರೊಳಗೆ ಹುಟ್ಟಿದ್ದೆಲ್ಲ ಸಾಯಬೇಕೆಂಬುದು ನಿಯಮ. ಹೀಗಾಗಿ ವಿಂಡೋ ಹುಟ್ಟುತ್ತಿತ್ತು, ಕಾಣುತ್ತಿತ್ತು, ನಮ್ಮ ರೆಪ್ಪೆ ಬಡಿಯುವುದರೊಳಗೆ ಸಾಯುತ್ತಿತ್ತು.

ಅವಳೇ ದಾರಿ ಕಂಡುಹಿಡಿದಳು. ವಿಂಡೋವನ್ನು ಇಡೀ ಪ್ರೋಗ್ರಾಮಿನ ಮೊದಲಲ್ಲಿ, ಎಲ್ಲದಕ್ಕೂ ಹೊರಗೆ ಹುಟ್ಟಿಸುವುದು. ಆಗ ಪ್ರೋಗ್ರಾಮ್ ಇರುವವರೆಗೂ ಅದು ಇರುತ್ತದೆ. ಬೇಡದಾಗ ಮರೆಮಾಡಿದರಾಯಿತು. ಮರೆಯಾದರೂ ಅದು ಮೆಮೊರಿಯಲ್ಲಿ ಜೀವಂತವಾಗಿರುತ್ತದೆ, ಕರೆದಾಗ ಬರುತ್ತದೆ.

"ತೋರ್ಸೋದು ಮುಚ್ಚೋದು ಬ್ಯಾರೆ, ಹುಟ್ಸೋದು ಕೊಲ್ಲೋದು ಬ್ಯಾರೆ," ಎಂದಳು ಅವಳು. "ಇಷ್ಟ್ ಹೇಳಾಕ ಈ ಪುಸ್ತಕದಾಂವ ಎಷ್ಟ್ ಸುತ್ತು ಹಾಕ್ಯಾನ ನೋಡ್."

ಅವತ್ತು ಸಂಜೆ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತರಿಸಿ ಮೆಟ್ಟಿಲ ಮೇಲೆ ಕೂತು ತಿಂದೆವು. ಆ ಮಾಳಿಗೆಯಲ್ಲಿ ನಾವು ಸಂತೋಷವಾಗಿದ್ದದ್ದು ನನಗೆ ನೆನಪಿರುವುದು ಅದೊಂದೇ ಸಂಜೆ. ಉಳಿದವು ಇದ್ದಿರಬಹುದು. ಆಮೇಲೆ ಆದದ್ದು ಅವನ್ನೆಲ್ಲ ಕಹಿ ಮಾಡಿದೆ.

ಮಾನ್ವಿಯ ಒಬ್ಬ ಡಾಕ್ಟರು ತಮ್ಮ ದವಾಖಾನೆಗೆ ಕಂಪ್ಯೂಟರ್ ಹಾಕಿಸಬೇಕೆಂದು ಸಾವ್ಕಾರರ ಹತ್ತಿರ ಬಂದರು. ಸುತ್ತಮುತ್ತ ಯಾರ ದವಾಖಾನೆಯಲ್ಲೂ ಆಗ ಅದು ಇರಲಿಲ್ಲ. ಕಲರ್ ಪರದೆಯೇ ಬೇಕು, ಹೊಸದಾಗಿ ಬಂದಿರುವ ವೇಗದ ಯಂತ್ರವೇ ಬೇಕು ಎಂದರು. ರೋಗಿಯ ಹೆಸರು ಹೊಡೆದರೆ ಹಿಂದಿನ ಕಾಯಿಲೆ, ಕೊಟ್ಟ ಔಷಧಿ ಎಲ್ಲ ಪರದೆಯ ಮೇಲೆ ಬರಬೇಕು.

ನಾವಿಬ್ಬರೂ ಬಸ್ಸು ಹಿಡಿದು ಮಾನ್ವಿಗೆ ಹೋಗಿ ದವಾಖಾನೆ ನೋಡಿ ಬಂದೆವು. ಪ್ರತಿ ರೋಗಿಗೂ ಒಂದು ರಟ್ಟಿನ ಕಾರ್ಡು ಇತ್ತು. ಯಾರಿಗಾದರೂ ಪೆನಿಸಿಲಿನ್ ಆಗಿಬರುವುದಿಲ್ಲ ಎಂದರೆ ಕಾರ್ಡಿನ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ದೊಡ್ಡದಾಗಿ ಗೀಚಿರುತ್ತಿದ್ದರು. ನನ್ನ ಗೆಳತಿ ಆ ಗೀಚನ್ನು ನೋಡುತ್ತ ಬಹಳ ಹೊತ್ತು ನಿಂತಳು. ಬರುವಾಗ ಬಸ್ಸಿನಲ್ಲಿ ಹೇಳಿದಳು. ಅವಳು ಚಿಕ್ಕವಳಿದ್ದಾಗ ಅವಳ ಅಮ್ಮಿಗೆ ಆ ಇಂಜೆಕ್ಷನ್ ಕೊಟ್ಟಾಗ ಮುಖ ಬಾತು ಉಸಿರು ಕಟ್ಟಿತ್ತಂತೆ. ಡಾಕ್ಟರು ಎದುರಿಗೇ ಇದ್ದುದರಿಂದ ಉಳಿದಳಂತೆ.

"ಬ್ಯಾರೆ ಏನರ ಬಿಟ್ರೂ ನಡೀತದ. ಇದು ಮಾತ್ರ ಕಣ್ಣಿಗಿ ಹೊಡದಂಗ ಕಾಣಬೇಕು," ಎಂದಳು.

ಅದನ್ನು ಅವಳೇ ಬರೆದಳು. ಅಂಥ ರೋಗಿಯ ಹೆಸರು ತೆಗೆದ ಕೂಡಲೆ ಪರದೆಯ ಮೇಲಿನ ಬಲಮೂಲೆಯಲ್ಲಿ ಕೆಂಪು ವಿಂಡೋ ಬರುತ್ತದೆ. ಆ ಯಂತ್ರದಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ಇಂಗ್ಲಿಷಿನಲ್ಲಿ ಪೆನಿಸಿಲಿನ್ ಕೊಡಬಾರದು ಎಂದು ಇರುತ್ತದೆ. ದವಾಖಾನೆಯ ಸಿಸ್ಟರ್ ಉಳಿದ ವಿವರಗಳನ್ನು ತುಂಬುತ್ತಿರುವಾಗಲೂ ಅದು ಮೂಲೆಯಲ್ಲಿ ನಿಂತೇ ಇರುತ್ತದೆ. ಬೇರೆ ರೋಗಿಯ ಹೆಸರು ಬಂದಾಗ ಮಾತ್ರ ಮರೆಯಾಗುತ್ತದೆ. ಯಾರೂ ಅದನ್ನು ನಡುವೆ ಮುಚ್ಚಲು ಬರದಂತೆ ಅವಳು ಕಟ್ಟಿದ್ದಳು. ಕಾರ್ಡುಗಳಲ್ಲಿದ್ದದ್ದನ್ನೆಲ್ಲ ನಾವಿಬ್ಬರೂ ಕೂತು ಕಂಪ್ಯೂಟರಿಗೆ ಏರಿಸಿದೆವು. ಆಮೇಲೆ ಡಾಕ್ಟರು ಕಾರ್ಡುಗಳನ್ನು ಕಟ್ಟಿಸಿ ದವಾಖಾನೆಯ ಅಟ್ಟಕ್ಕೆ ಹಾಕಿಸಿದರು.

ಉದ್ಘಾಟನೆಯ ದಿನ ಸಾವ್ಕಾರರು ನಮ್ಮನ್ನೂ ಜೀಪಿನಲ್ಲಿ ಕರೆದುಕೊಂಡು ಹೋದರು. ಎಲ್ಲಾದರೂ ಕೆಟ್ಟರೆ ಸರಿಮಾಡಲು ಯಾರಾದರೂ ಬೇಕಲ್ಲ. ಜೊತೆಗೆ ಅವರ ಹೆಂಡತಿಯ ತಮ್ಮನೂ ಬಂದಿದ್ದ. ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಓದಿ ಆಗಷ್ಟೇ ಬಂದವನು. ಮಾನ್ವಿಯ ದೊಡ್ಡವರೆಲ್ಲ ನೆರೆದಿದ್ದರು. ಒಳಗೆ ಕಾಲಿಡುವ ಮೊದಲು ಸಾವ್ಕಾರರು ನಮ್ಮ ಕಡೆ ತಿರುಗಿದರು.

"ನೀವು ಹಿಂದ ಡಾಕ್ಟರ್ ಸಾಹೇಬ್ರ ಮನಿಯಾಗ ಕೂಡ್ರಿ. ಬೇಕಾದ್ರ ಕರೀತೀವಿ."

"ಯಾಕ್ರೀ?" ಎಂದಳು ಅವಳು.

"ಯಾಕಂದ್ರ, ಹುಡಿಗೇರು ಮಾಡ್ಯಾರಂದ್ರ ಮಂದಿ ಆಟದ ಸಾಮಾನು ಅಂತ ತಿಳೀತಾರ. ವ್ಯಾಪಾರ ಅಂದ್ರ ಹಿಂಗ ಇರ್ತದ. ಮನಸಿಗಿ ಹಚ್ಗೋಬ್ಯಾಡ್ರಿ."

ಡಾಕ್ಟರ ಹೆಂಡತಿ ಅಡುಗೆಮನೆಯಲ್ಲಿ ನಮಗೆ ಮಣೆ ಹಾಕಿ ಉಪ್ಪಿಟ್ಟು ಕೊಟ್ಟರು. ಒಳ್ಳೆಯ ಹೆಂಗಸು. ಗೋಡೆಯ ಆಚೆಯಿಂದ ಚಪ್ಪಾಳೆ ಕೇಳಿಸಿತು. ಸಾವ್ಕಾರರ ಬಾಮೈದ ಇದನ್ನೆಲ್ಲ ತಾನು ಹೇಗೆ ಮಾಡಿದೆ ಎಂದು ವಿವರಿಸುತ್ತಿದ್ದ. ಅವನು ಹೇಳುತ್ತಿದ್ದದ್ದರಲ್ಲಿ ಅರ್ಧ ತಪ್ಪು. ನನ್ನ ಗೆಳತಿ ತಟ್ಟೆ ಕೈಯಲ್ಲಿ ಹಿಡಿದು ಕೇಳುತ್ತಿದ್ದಳು, ತಿನ್ನಲಿಲ್ಲ.

ಅದಾದ ಮೇಲೆ ಮಾನ್ವಿಯ ಕೆಲಸ ಪೂರ್ತಿ ಬಾಮೈದನ ಕೈಗೆ ಹೋಯಿತು. ಅವನು ದಡ್ಡನಾಗಿರಲಿಲ್ಲ. ಕೇಳಿದವರಿಗೆ ಬೇಡ ಎನ್ನಲು ಬಾರದವನು. ಡಾಕ್ಟರಿಗೆ ಆ ಕೆಂಪು ವಿಂಡೋ ಇಷ್ಟವಾಗಿರಲಿಲ್ಲ. ದೊಡ್ಡ ಮನೆಯವರು ಬಂದಾಗ ಪರದೆಯ ಮೇಲೆ ಅಪಶಕುನದ ಹಾಗೆ ನಿಲ್ಲುತ್ತದೆ ಎಂದಿದ್ದರಂತೆ. ಅವನು ಅದನ್ನು ಕಿತ್ತು ಒಂದು ಸಣ್ಣ ಫಂಕ್ಷನ್ನಿನೊಳಗೆ ಹಾಕಿದ. ಎಚ್ಚರಿಕೆ ಬರುತ್ತದೆ, ಸಿಸ್ಟರ್ ಕೀಬೋರ್ಡಿನ ಒಂದು ಕೀಲಿ ಒತ್ತುವವರೆಗೆ ಕಾಯುತ್ತದೆ, ಒತ್ತಿದರೆ ಹೋಗುತ್ತದೆ. ಕೆಲವು ದಿನದ ಮೇಲೆ ಆ ಕೀಲಿ ಒತ್ತುವುದೂ ಕಿರಿಕಿರಿ ಎಂದು ದೂರು ಬಂತು. ಅವನು ಕಾಯುವ ಆ ಒಂದು ಸಾಲನ್ನು ತೆಗೆದುಹಾಕಿದ. ಕಾಯುವುದು ಹೋದ ಮೇಲೆ ಫಂಕ್ಷನ್ ತಟ್ಟನೆ ಮುಗಿಯುತ್ತದೆ. ಮುಗಿದರೆ ಒಳಗಿನ ವಿಂಡೋ ಸಾಯುತ್ತದೆ, ಸಾಯುವಾಗ ತನ್ನನ್ನು ತಾನೇ ಒರೆಸಿಕೊಂಡು ಹೋಗುತ್ತದೆ.

ನಮಗೆ ಇದು ಗೊತ್ತಾದದ್ದು ಅವನು ಫ್ಲಾಪಿಯನ್ನು ನಮ್ಮ ಮೇಜಿನ ಮೇಲೆ ಬಿಟ್ಟುಹೋದಾಗ. ನಮ್ಮ ಹಳೆಯ ನಿಧಾನದ ಯಂತ್ರದಲ್ಲಿ ಓಡಿಸಿದರೆ ಮೂಲೆಯಲ್ಲಿ ಏನೋ ಕೆಂಪಗೆ ಹೊಳೆದು ಹೋದದ್ದು ಕಾಣುತ್ತಿತ್ತು. ಡಾಕ್ಟರ ವೇಗದ ಯಂತ್ರದಲ್ಲಿ ಅಷ್ಟೂ ಕಾಣುವುದಿಲ್ಲ. ನನ್ನ ಗೆಳತಿ ಅದೇ ದಿನ ಸಾವ್ಕಾರರ ಕೋಣೆಗೆ ಹೋದಳು, ನಾನೂ ಹೋದೆ.

"ಅದು ಬಂದಂಗ ಮಾಡಿ ಹೋಗ್ತದ್ರಿ. ಯಾರ ಕಣ್ಣಿಗೂ ಬೀಳೋದಿಲ್ಲ. ಮೊದಲಿನಂಗ ಇಡಬೇಕ್ರಿ," ಎಂದಳು.

"ಡಾಕ್ಟರ್ ಸಾಹೇಬ್ರು ತಾವ ಕೇಳ್ಯಾರ. ಅವ್ರ ದವಾಖಾನಿ, ಅವ್ರ ಪರದೆ."

"ಅವ್ರು ಅಡ್ಡ ಬರಬಾರ್ದು ಅಂತ ಕೇಳ್ಯಾರ್ರಿ. ಕಾಣಲೇಬಾರ್ದು ಅಂತ ಕೇಳಿಲ್ಲ."

ಸಾವ್ಕಾರರು ಬಾಮೈದನನ್ನು ಕರೆಸಿದರು. ಅವನು ಮಾಹಿತಿ ಎಲ್ಲ ಒಳಗೆ ಹಾಗೇ ಇದೆ, ಒಂದಕ್ಷರವೂ ಹೋಗಿಲ್ಲ ಎಂದ. ಅದು ನಿಜವೇ. ಒಳಗೆ ಇತ್ತು.

"ಕೇಳಿದ್ರಿಲ್ಲ? ಒಳಗ ಅದಂತ," ಎಂದು ಸಾವ್ಕಾರರು ಫೋನು ಕೈಗೆತ್ತಿಕೊಂಡರು. ಮಾತು ಮುಗಿಯಿತೆಂದು ಅರ್ಥ.

ಭತ್ತದ ನಾಟಿಯ ಕಾಲ ಬಂತು. ಕಾಲುವೆಯ ನೀರು ಬಿಟ್ಟ ಕೂಡಲೆ ಅರಕೇರಾ ಕಡೆಯಿಂದ ಹೆಂಗಸರು ಗುಂಪು ಗುಂಪಾಗಿ ಮಾನ್ವಿಗೆ ಬಂದು, ಹೊಲದ ಬದಿಗೆ ಗುಡಿಸಲು ಹಾಕಿಕೊಂಡು ನಾಟಿ ಮುಗಿಯುವವರೆಗೆ ಇರುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬ ಸೊಸೆ, ಬಸುರಿ, ಜೊತೆಗೆ ಅತ್ತೆ. ಕೆಸರಿನಲ್ಲಿ ಗಾಜು ಚುಚ್ಚಿ ಸೊಸೆಯ ಕಾಲಿಗೆ ನಂಜಾಗಿತ್ತು. ಅತ್ತೆ ಅವಳನ್ನು ಆ ದವಾಖಾನೆಗೆ ಕರೆದುಕೊಂಡು ಹೋದಳು. ಹಿಂದಿನ ವರ್ಷವೂ ಅಲ್ಲಿಗೇ ಹೋಗಿದ್ದರು. ಆಗ ಪೆನಿಸಿಲಿನ್ನಿನಿಂದ ಮೈಯೆಲ್ಲ ದದ್ದೆದ್ದು, ಕಾರ್ಡಿನ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಗೀಚಿದ್ದರು. ಆ ಗೀಚನ್ನು ನಾವು ಕಂಪ್ಯೂಟರಿಗೆ ಏರಿಸಿದ್ದೆವು.

ಸಿಸ್ಟರ್ ಹೆಸರು ಹೊಡೆದಳು. ಪರದೆಯ ಮೇಲೆ ಅವಳಿಗೆ ಏನೂ ಕಾಣಲಿಲ್ಲ. ಹಳೆಯ ರೋಗಿ, ಕಂಪ್ಯೂಟರಿನಲ್ಲಿ ಏನೂ ತೊಂದರೆ ಇಲ್ಲ ಎಂದುಕೊಂಡು, ಮೊದಲು ಚರ್ಮಕ್ಕೆ ಒಂದು ಹನಿ ಔಷಧಿ ಚುಚ್ಚಿ ಪರೀಕ್ಷಿಸುವ ಪದ್ಧತಿಯನ್ನೂ ಬಿಟ್ಟು ಪೂರ್ತಿ ಇಂಜೆಕ್ಷನ್ ಕೊಟ್ಟಳು. ಹೆಂಗಸು ಬೆಂಚಿನ ಮೇಲೆಯೇ ಉರುಳಿದಳು. ಡಾಕ್ಟರು ಓಡಿಬಂದು ಮಾಡಬೇಕಾದದ್ದನ್ನು ಮಾಡಿ, ಜೀಪಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಕಳಿಸಿದರು. ಅವಳು ಉಳಿದಳು. ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ.

ಇದು ನಮಗೆ ತಿಳಿದದ್ದು ಸಾವ್ಕಾರರ ಫೋನಿನ ಮಾತಿನಿಂದ. ಅವರು ಬಾಗಿಲು ಹಾಕಿಕೊಂಡು ಮಾತಾಡಿದರೂ ಆ ಹಲಗೆಯ ಗೋಡೆ ಏನನ್ನೂ ಮುಚ್ಚುತ್ತಿರಲಿಲ್ಲ. ನನ್ನ ಗೆಳತಿ ಬುರ್ಖಾ ತೆಗೆದುಕೊಂಡು ಇಳಿದು ನಡೆದಳು. ನಾನು ಹಿಂದೆ ಓಡಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಆ ಹೆಂಗಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ಮಂಚದ ಕೆಳಗೆ ಕೂತಿದ್ದಳು. ನಾವು ಯಾರೆಂದು ಕೇಳಲಿಲ್ಲ. ಹೆಣ್ಣುಮಕ್ಕಳು ಬಂದು ನಿಂತಿದ್ದಾರೆ ಎಂಬುದೇ ಅವಳಿಗೆ ಸಾಕಾಗಿತ್ತು.

"ನಾ ಹೇಳೀನೆವ್ವಾ," ಎಂದಳು. "ಹ್ವಾದ ವರ್ಷ ಹಿಂಗಾಗಿತ್ತು ನೋಡ್ಯವ್ವಾ ಅಂತ ಆ ಸಿಸ್ಟರಮ್ಮಗ ಹೇಳೀನಿ. ಆಕಿ, ನೀ ಸುಮ್ನಿರಬೇ ಮುದುಕಿ, ಎಲ್ಲಾ ಕಂಪ್ಯೂಟರಿನಾಗ ಅದ, ಇದ್ರ ತೋರಸ್ತದ ಅಂದ್ಲು. ನಾ ಸುಮ್ನಾದ್ನಿ. ಓದಿದವ್ರು, ಅವ್ರಿಗಿ ಗೊತ್ತಿರ್ತದ ಅಂತ ಸುಮ್ನಾದ್ನಿ."

ನನ್ನ ಗೆಳತಿ ಅಲ್ಲೇ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದು ಬಾಗಿಲ ಕಡೆ ನಡೆದಳು. ಹೊರಗೆ ಬಂದ ಮೇಲೆ, "ಮೊದಲು ಡಾಕ್ಟರ್ ಮುಂದ ತೋರಸ್ತೀನಿ. ಅವ್ರ ಬಾಯಿಂದನ ಇವ್ರಿಗಿ ಹೇಳಸ್ತೀನಿ," ಎಂದಳು. ಸತ್ಯ ತೋರಿಸಿದರೆ ಸಾಕು ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಎರಡು ದಿನದ ಮೇಲೆ ಮಾನ್ವಿಯ ದವಾಖಾನೆಯಲ್ಲಿ ಎಲ್ಲರೂ ಸೇರಿದೆವು. ಡಾಕ್ಟರು, ಸಾವ್ಕಾರರು, ಅವರ ಬಾಮೈದ, ನಾವಿಬ್ಬರು. ಅವಳು ಎರಡು ಫ್ಲಾಪಿ ತಂದಿದ್ದಳು. ಒಂದರಲ್ಲಿ ಅವಳು ಬರೆದದ್ದು, ಇನ್ನೊಂದರಲ್ಲಿ ಅವನು ತಿದ್ದಿದ್ದು. ಡಾಕ್ಟರ ಯಂತ್ರದಲ್ಲೇ ಮೊದಲು ತನ್ನದನ್ನು ಓಡಿಸಿ ಆ ಹೆಂಗಸಿನ ಹೆಸರು ಹೊಡೆದಳು. ಕೆಂಪು ವಿಂಡೋ ಮೂಲೆಯಲ್ಲಿ ಬಂದು ನಿಂತಿತು. ಆಮೇಲೆ ಇನ್ನೊಂದನ್ನು ಓಡಿಸಿದಳು. ಅದೇ ಹೆಸರು. ಏನೂ ಕಾಣಲಿಲ್ಲ. ಮತ್ತೊಮ್ಮೆ ಓಡಿಸಿದಳು. ಏನೂ ಇಲ್ಲ.

"ಎಲ್ಲಿ ಹೋತು?" ಎಂದರು ಡಾಕ್ಟರು.

ಅವಳು ವಿವರಿಸಿದಳು. ಅವಸರವಿಲ್ಲದೆ, ಯಾರನ್ನೂ ಬೈಯದೆ ಹೇಳಿದಳು. ವಿಂಡೋ ಹುಟ್ಟುವುದು, ಫಂಕ್ಷನ್ ಮುಗಿದಾಗ ಸಾಯುವುದು, ಸಾಯುವಾಗ ಒರೆಸುವುದು. ಡಾಕ್ಟರು ಬುದ್ಧಿವಂತರು. ಮಧ್ಯೆ ಎರಡು ಪ್ರಶ್ನೆ ಕೇಳಿದರು, ಎರಡೂ ಸರಿಯಾದ ಪ್ರಶ್ನೆಗಳು.

"ಅಂದ್ರ ಅವತ್ತು ಎಚ್ಚರಿಕಿ ಬಂದಿತ್ತು. ನಮ್ಮ ಸಿಸ್ಟರ್ ನೋಡೋದರಾಗ ಹೋಗಿತ್ತು. ಹೌದಿಲ್ರೀ?"

"ಹೌದ್ರೀ ಸಾಹೇಬ್ರ."

"ಮೊದಲು ನೀವು ಮಾಡಿದ್ದು ಹಂಗಿರಲಿಲ್ಲ."

"ಇರಲಿಲ್ರೀ."

"ತಿಳೀತು," ಎಂದು ಡಾಕ್ಟರು ಎದ್ದುಹೋಗಿ ಬಾಗಿಲು ಹಾಕಿ ಬಂದರು. ಕೂತು ಕನ್ನಡಕ ತೆಗೆದು ಒರೆಸಿದರು. "ಇನ್ನ ಈ ಮಾತು ಈ ಕ್ವಾಣಿ ಬಿಟ್ಟು ಹೋಗಬಾರ್ದು."

ಬಾಮೈದ ನೆಲ ನೋಡುತ್ತಿದ್ದ. ಅವನಿಗೂ ತಿಳಿದಿತ್ತು. ಆ ಕೋಣೆಯಲ್ಲಿ ತಿಳಿಯದವರು ಯಾರೂ ಇರಲಿಲ್ಲ. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಅರ್ಥವಾಗದೆ ಅನ್ಯಾಯ ಮಾಡುವವರನ್ನು ಕ್ಷಮಿಸಬಹುದೇನೋ. ಇವರು ಕೇಳಿ, ತಲೆದೂಗಿ, ಎದ್ದು ಬಾಗಿಲು ಹಾಕಿದರು.

ಅರಕೇರಾದಿಂದ ಆ ಹೆಂಗಸಿನ ಕಡೆಯವರು, ಜೊತೆಗೆ ಊರ ಹಿರಿಯರು ಮರುದಿನ ಬರುವವರಿದ್ದರು. ಅವರಿಗೆ ಏನಾದರೂ ಹೇಳಬೇಕಿತ್ತು. ಸಾವ್ಕಾರರು ನನ್ನ ಗೆಳತಿಯ ಕಡೆ ತಿರುಗಿದರು.

"ಕಂಪ್ಯೂಟರಿಗಿ ತುಂಬೋ ಹುಡುಗಿ ತಪ್ಪು ತುಂಬಿದ್ಲು, ಆಕಿನ್ನ ಕೆಲಸದಿಂದ ತಗದೀವಿ ಅಂತ ಹೇಳ್ತೀವಿ. ನಿನಗ ಯಾರೂ ಏನೂ ಮಾಡೋದಿಲ್ಲ. ನೀ ಸುಮ್ನ ಮನಿಯಾಗ ಇರು."

"ನಾ ತಪ್ಪು ತುಂಬಿಲ್ರೀ. ಈಗ ತೋರಿಸಿದ್ನಲ್ಲ?"

"ತೋರಿಸಿದಿ. ನೋಡೀವಿ."

"ಮತ್ತ?"

"ನಿಮ್ಮಪ್ಪನ ಅಂಗಡಿ ನಮ್ಮ ಮಾವನ ಜಾಗದಾಗ ಅದ. ಅದನ್ನೂ ನೋಡೀವಿ."

ನಾನೇ ಕೂಗಿದೆ. ಏನು ಕೂಗಿದೆ ಎಂಬುದು ಸರಿಯಾಗಿ ನೆನಪಿಲ್ಲ. ನನ್ನ ಹೆಸರನ್ನೂ ಹೇಳಿರಿ, ಇಬ್ಬರೂ ಸೇರಿ ತುಂಬಿದ್ದೇವೆ ಎಂದಿದ್ದು ನೆನಪಿದೆ. ಡಾಕ್ಟರು ನನ್ನನ್ನು ನೋಡಿ, "ನೀವು ಮಾಸ್ತರ ಮಗಳಲ್ಲೇನು? ನಮ್ಮ ಮಕ್ಕಳಿಗಿ ಪಾಠ ಹೇಳೋ ಮಾಸ್ತರು. ನಿಮ್ಮ ಹೆಸರು ಯಾಕ ಬೇಕವ್ವಾ ಇದರಾಗ?" ಎಂದರು. ಅಕ್ಕರೆಯಿಂದಲೇ ಕೇಳಿದರು. ಟ್ರಂಕು ಮಾಡುವವರ ಮಗಳಿಗೆ ಆ ಅಕ್ಕರೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ಮಾನ್ವಿಯಲ್ಲೇ ಮನೆ ಇದ್ದುದರಿಂದ ನಾನು ಅಲ್ಲಿಂದ ನೇರ ಅಪ್ಪನ ಹತ್ತಿರ ಹೋದೆ. ಅಪ್ಪ ಎಲ್ಲ ಕೇಳಿದರು. ಮಧ್ಯದಲ್ಲಿ ಒಮ್ಮೆ ಅವರ ಕಣ್ಣು ಒದ್ದೆಯಾಯಿತು. ಇವರಾದರೂ ಎದ್ದು ಡಾಕ್ಟರ ಹತ್ತಿರ ನಡೆಯುತ್ತಾರೆ ಎಂದುಕೊಂಡೆ.

"ನಿನ್ನ ಹೆಸರು ಬಂದಿಲ್ಲಲ್ಲ?" ಎಂದರು.

"ಇಲ್ಲ."

"ಹಂಗಾದ್ರ ಸುಮ್ನಿರು ತಂಗೀ. ನಾಳಿ ನಿನ್ನ ನೋಡಾಕ ಬರೋರು ನಾಕು ಮಂದೀನ್ನ ಕೇಳಿ ಬರ್ತಾರ."

ಚಿಕ್ಕಂದಿನಲ್ಲಿ ಅವರು ನನಗೆ ಲೆಕ್ಕ ಕಲಿಸುವಾಗ, ಉತ್ತರ ಸರಿ ಇದ್ದರೂ ದಾರಿ ತಪ್ಪಿದ್ದರೆ ಕೆನ್ನೆಗೆ ಹೊಡೆಯುತ್ತಿದ್ದರು. ಅವತ್ತು ಅದನ್ನು ಅವರಿಗೆ ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋದರು. ನಾವು ಅಪ್ಪ ಮಗಳು ಮತ್ತೆ ಮನಸ್ಸು ಬಿಚ್ಚಿ ಮಾತಾಡಿದ್ದು ಬಹಳ ವರ್ಷಗಳ ನಂತರ, ಅದೂ ಅಷ್ಟಕ್ಕಷ್ಟೆ.

ನಾನು ಸೆಂಟರಿನ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಸಾವ್ಕಾರರು ಬೇರೆ ಇಬ್ಬರನ್ನು ತೆಗೆದುಕೊಂಡರು. ಅರಕೇರಾದ ಹಿರಿಯರು ಬಂದು, ತಪ್ಪು ಮಾಡಿದವಳನ್ನು ತೆಗೆದಿದ್ದಾರೆ ಎಂದು ಕೇಳಿ, ಚಹಾ ಕುಡಿದು ಹೋದರಂತೆ. ಬಾಮೈದ ಅವಳ ಫ್ಲಾಪಿಯಲ್ಲಿದ್ದ ಹಾಗೆಯೇ ಕೆಂಪು ವಿಂಡೋವನ್ನು ಮತ್ತೆ ಹೊರಗೆ ಹುಟ್ಟಿಸಿ ಸರಿಮಾಡಿದ. ಆ ಪ್ರೋಗ್ರಾಮ್ ಸಿರವಾರ, ಲಿಂಗಸುಗೂರುಗಳ ದವಾಖಾನೆಗಳಿಗೂ ಮಾರಾಟವಾಯಿತು. ಶುರುವಾಗುವಾಗ ಪರದೆಯ ನಡುವೆ ಅವನ ಹೆಸರು ದೊಡ್ಡದಾಗಿ ಬರುತ್ತಿತ್ತೆಂದು ನೋಡಿದವರು ಹೇಳಿದರು. ಎಚ್ಚರಿಕೆ ಮಾತ್ರ ಸರಿಯಾಗಿ ಬಂದು ನಿಲ್ಲುತ್ತಿತ್ತಂತೆ. ಅದರಿಂದ ಯಾರಾದರೂ ಉಳಿದಿರಬಹುದು. ಆ ಸಮಾಧಾನವನ್ನು ನನಗೆ ಕೊಡಲು ಬಂದವರನ್ನು ನಾನು ಮುಂದೆ ಮಾತಾಡಗೊಟ್ಟಿಲ್ಲ.

ಅವಳನ್ನು ನೋಡಲು ನಾನು ಟ್ರಂಕಿನ ಅಂಗಡಿಗೆ ಹೋಗುತ್ತಿದ್ದೆ. ಮದುವೆಯ ಟ್ರಂಕುಗಳ ಮೇಲೆ ಮದುಮಗಳ ಹೆಸರು, ಹೂಬಳ್ಳಿ ಬರೆಯುತ್ತ ಕೂತಿರುತ್ತಿದ್ದಳು. ಕೈ ಚೆನ್ನಾಗಿತ್ತು. ಒಂದು ಸಲ ನಾನು, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನಿನ್ನಂಥವಳಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಶುರುಮಾಡಿದೆ.

"ನಕ್ಕೊ," ಎಂದಳು. ಬೇಡ ಎಂದು. "ಆ ಮಾತು ನನ್ನ ಮುಂದ ತಗೀಬ್ಯಾಡ ಬೇ. ಅಬ್ಬಾ ಮುಂದಂತೂ ತಗೀಲೇಬ್ಯಾಡ. ಆ ಹೆಂಗಸಿನ ಕಡಿಯವ್ರು ಇನ್ನೂ ನಾನ ತಪ್ಪು ತುಂಬೀನಿ ಅಂತ ತಿಳಕೊಂಡಾರ. ನನಗ ಅದೊಂದ ಹತ್ತೇದ. ಉಳಿದಿದ್ದು ಹ್ವಾದ್ರ ಹೋಗ್ಲಿ."

ಆ ವರ್ಷವೇ ಅವಳ ನಿಕಾಹ್ ಆಯಿತು. ಗುಲ್ಬರ್ಗಾ ಕಡೆಯ ಮನೆ. ಹೋಗುವ ಮುಂಚೆ ನಾನು ಅವಳಿಗೆ ಒಂದು ಮಾತು ಕೊಟ್ಟಿದ್ದೆ. ಎಂದಾದರೂ ಆ ಹೆಂಗಸಿಗೆ ನಿಜ ಹೇಳುತ್ತೇನೆ ಎಂದು.

ಎರಡು ವರ್ಷದ ಮೇಲೆ ನನಗೆ ದೇವದುರ್ಗದಲ್ಲಿ ಕಾಲೇಜಿನ ಹುಡುಗರಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. ಅರಕೇರಾ ಅಲ್ಲಿಂದ ದೂರವಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಹೋಗಿ, ಕೇಳುತ್ತ ಕೇಳುತ್ತ ಅವರ ಮನೆ ಹುಡುಕಿದೆ. ಸೊಸೆ ಇರಲಿಲ್ಲ. ಗಂಡನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅತ್ತೆ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ವಾರ್ಡಿನಲ್ಲಿ ಬಂದು ನಿಂತವಳು ಎಂದು ನೆನಪಿಸಿದೆ. ಕಂಬಳಿ ಹಾಸಿದಳು, ಚಹಾ ಮಾಡಿ ತಂದಳು. ಕೃಷ್ಣೆಯ ದಂಡೆಯ ಗೂಗಲ್ ಕ್ಷೇತ್ರಕ್ಕೆ ಹೋಗಿ ಹೊಳೆಯಲ್ಲಿ ಸ್ನಾನ ಮಾಡಿಸಿಕೊಂಡು ಬಂದ ಮೇಲೆ ಸೊಸೆ ಸುಧಾರಿಸಿದಳೆಂದೂ, ಮತ್ತೆ ಮಾತ್ರ ಬಸಿರು ನಿಂತಿಲ್ಲವೆಂದೂ ಹೇಳಿದಳು.

ನಾನು ಹೇಳಿದೆ. ತಪ್ಪು ತುಂಬಿದ್ದು ಆ ಹುಡುಗಿಯಲ್ಲ, ಅವಳು ಸರಿಯಾಗಿಯೇ ಬರೆದಿದ್ದಳು, ನೀವು ಹೇಳಿದ್ದು ಕಂಪ್ಯೂಟರಿನಲ್ಲಿ ಇತ್ತು, ಬೇರೆಯವರು ಅದು ಕಾಣದ ಹಾಗೆ ಮಾಡಿದ್ದರು, ಡಾಕ್ಟರಿಗೂ ಇದು ಗೊತ್ತಿದೆ ಎಂದು.

ಅವಳು ಮೊರ ಕೆಳಗಿಟ್ಟಳು.

"ಇತ್ತಾ?"

"ಇತ್ತವ್ವಾ. ಬಂದು ಹೋಗಿತ್ತು."

ಆ ಹುಡುಗಿಯ ಬಗ್ಗೆ ಏನಾದರೂ ಕೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಪಾಪ ಅನ್ನುತ್ತಾಳೆ, ನಮಗೆ ಗೊತ್ತಿರಲಿಲ್ಲ ಅನ್ನುತ್ತಾಳೆ, ಆ ಮಾತನ್ನು ಗುಲ್ಬರ್ಗಾದ ಗೆಳತಿಗೆ ತಲುಪಿಸಬೇಕು ಎಂದುಕೊಂಡಿದ್ದೆ.

"ಯಾಕ ಹೇಳಿದ್ಯವ್ವಾ ಇದನ್ನ?" ಎಂದಳು. "ಒಂದು ಹುಡುಗಿ ಕೈತಪ್ಪಿ ಮಾಡ್ಯಾಳ, ತಿಳೀದ ಆಗೇದ ಅಂತ ನಾವು ಸಮಾಧಾನ ಮಾಡ್ಕೊಂಡಿದ್ವಿ. ಈಗ, ಎಲ್ಲಾ ಇತ್ತು, ಎಲ್ಲಾರಿಗೂ ಗೊತ್ತಿತ್ತು ಅಂತೀದಿ. ಇದನ್ನ ತಗೊಂಡು ನಾ ಎಲ್ಲಿ ಇಟ್ಕೊಳ್ಳಿ?"

ಅವಳು ಮತ್ತೆ ಮೊರ ಎತ್ತಿಕೊಂಡಳು.

"ಸೊಸಿ ಯುಗಾದಿಗಿ ಬರ್ತಾಳ. ಆಕಿ ಮುಂದ ಹೇಳಬ್ಯಾಡ. ನೀ ಮತ್ತ ಬರಾಕೂ ಹೋಗಬ್ಯಾಡ ತಾಯಿ."

ದೇವದುರ್ಗದ ಬಸ್ಸು ತಡವಾಗಿ ಬಂತು. ಗುಲ್ಬರ್ಗಾದಿಂದ ಆ ವರ್ಷ ನನ್ನ ಗೆಳತಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದಾಗ, ಅರಕೇರಾಕ್ಕೆ ಹೋಗಿದ್ದೆಯಾ ಎಂದು ಕೇಳಿದಳು. ಹೋಗಿದ್ದೆ, ಹೇಳಿದೆ, ನಂಬಿದರು ಎಂದೆ. ಅಷ್ಟು ನಿಜ. ಅವರು ಏನಂದರು ಎಂದು ಅವಳು ಕೇಳಲಿಲ್ಲ. ತಲೆಯಾಡಿಸಿ, ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಲ್ಲುವವರೆಗೆ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದಳು.